ಅಲಾಯ್ ಹೊಳಪಿಗೆ ಮರುಳಾಗುವ ಮುನ್ನ



ಹಬ್ಬಕ್ಕೆ ಊರಿಗೆ ಹೊರಡುವ ಮುಂಚೆ ಗಾಡಿಯನ್ನು ಸ್ವಲ್ಪ ಸಿಂಗರಿಸೋಣ ಅನ್ನಿಸುವುದು ಸಹಜ. ಒಮ್ಮೆ ಗಣೇಶನ ಹಬ್ಬಕ್ಕೆ ಮುಂಬಯಿಯಿಂದ ಹುಬ್ಬಳ್ಳಿಗೆ ಹೊರಟಾಗ ನಾನೂ ಅದನ್ನೇ ಮಾಡಿದ್ದೆ. ಕಂಪನಿ ಕೊಟ್ಟಿದ್ದ 14 ಇಂಚಿನ ಉಕ್ಕಿನ ರಿಮ್ ತೆಗೆಸಿ 16 ಇಂಚಿನ ಅಲಾಯ್ ಹಾಕಿಸಿದೆ. ಸಾತಾರಾ ದಾಟಿದ ಮೇಲೆ, ರಾತ್ರಿ ಮಳೆಯಲ್ಲಿ, ನೀರು ತುಂಬಿದ ಗುಂಡಿಯೊಂದು ಕಾಣಲೇ ಇಲ್ಲ. ಢಮ್! ಎಡಗಡೆಯ ಮುಂದಿನ ರಿಮ್ ಸೀಳಿ, ಟ್ಯೂಬ್‌ಲೆಸ್ ಟೈರಿನ ಗಾಳಿಯೆಲ್ಲ ಖಾಲಿ. ಹಿಂದಿನ ಸೀಟಿನಲ್ಲಿ ಅಮ್ಮ, ಮಗಳು. ಕೊನೆಗೆ ಊರು ಮುಟ್ಟಿಸಿದ್ದು ಡಿಕ್ಕಿಯಲ್ಲಿದ್ದ ಹಳೆಯ ಉಕ್ಕಿನ ಸ್ಟೆಪ್ನಿ!

ತಪ್ಪು ಅಲಾಯ್‌ನದಷ್ಟೇ ಅಲ್ಲ, ಅಳತೆಯದೂ ಹೌದು. ಲೆಕ್ಕ ನೋಡಿ. 175/65 ಆರ್14 ಟೈರಿನ ಪಕ್ಕದ ಗೋಡೆಯ ಎತ್ತರ 175ರ ಶೇಕಡಾ 65, ಅಂದರೆ ಸುಮಾರು 114 ಮಿ.ಮೀ. ಚಕ್ರದ ಒಟ್ಟು ಎತ್ತರ ಬದಲಾಗದಂತೆ 16 ಇಂಚಿಗೆ ಹೋದರೆ 195/45 ಟೈರು ಬೇಕು. ಅದರ ಗೋಡೆ 88 ಮಿ.ಮೀ. ಮಾತ್ರ. ಗುಂಡಿಯ ಏಟನ್ನು ನುಂಗುತ್ತಿದ್ದ ರಬ್ಬರು ಒಂದು ಇಂಚು ಕಡಿಮೆಯಾಯಿತು. ಆ ಏಟು ನೇರ ರಿಮ್ಮಿಗೆ. ಉಕ್ಕು ಸಾಮಾನ್ಯವಾಗಿ ಬಾಗುತ್ತದೆ, ಎರಕದ ಅಲಾಯ್ ಬಿರಿಯುವ ಸಂಭವ ಹೆಚ್ಚು. ಬಾಗಿದ್ದನ್ನು ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿಯವನೂ ತಟ್ಟಿ ತಕ್ಕಮಟ್ಟಿಗೆ ಸರಿಮಾಡಿಯಾನು. ಬಿರಿದ ಅಲಾಯ್‌ಗೆ ವೆಲ್ಡಿಂಗ್ ಮಾಡಿಸಿ ನೂರರ ವೇಗದಲ್ಲಿ ಓಡಿಸುವ ಧೈರ್ಯ ನನಗಂತೂ ಇಲ್ಲ.

ಹಾಗೆಂದು ಅಲಾಯ್ ಬೇಡವೇ ಬೇಡ ಎನ್ನುತ್ತಿಲ್ಲ. ಒಳ್ಳೆಯದಾದರೆ ಹಗುರ, ನೋಟಕ್ಕೂ ಚೆನ್ನ. ಹೆಚ್ಚಾಗಿ ನಗರದ ನುಣುಪು ರಸ್ತೆಯಲ್ಲೇ ಓಡಾಡುವವರು ಧಾರಾಳವಾಗಿ ಹಾಕಿಸಿಕೊಳ್ಳಿ. ಆದರೆ ಕಂಪನಿಯ ಅಳತೆಯಲ್ಲೇ ಇರಲಿ, ಹೆಚ್ಚೆಂದರೆ ಒಂದು ಇಂಚು ದೊಡ್ಡದು. ಮಳೆಗಾಲದಲ್ಲಿ ಘಾಟಿ ಇಳಿದು ಹತ್ತಿ ಊರಿಗೆ ಹೋಗುವವರಿಗೆ, ಲಗೇಜು ತುಂಬಿಸುವವರಿಗೆ ಉಕ್ಕೇ ವಾಸಿ.

ಅಂಗಡಿಯಲ್ಲಿ "ಎಲ್ಲಾ ಗಾಡಿಗೂ ಕೂರುತ್ತೆ ಸರ್" ಎಂದರೆ ಒಪ್ಪಬೇಡಿ. ಪಿಸಿಡಿ ಕೇಳಿ. 4×100 ಎಂದರೆ ನಾಲ್ಕು ಬೋಲ್ಟು, ಅವು ಕೂರುವ ವೃತ್ತದ ಅಡ್ಡಳತೆ 100 ಮಿ.ಮೀ. 98ರದ್ದನ್ನು ಬಲವಂತವಾಗಿ ಬಿಗಿದರೆ ನಟ್ಟು ಸರಿಯಾಗಿ ಕೂರದು, ಓಡುತ್ತ ಓಡುತ್ತ ಸಡಿಲವಾದೀತು. ರಿಮ್ಮಿನ ಮೇಲೆ ಇಟಿ ಎಂದು ಕೆತ್ತಿರುವ ಅಂಕೆಯೇ ಆಫ್‌ಸೆಟ್. ಅದು ತೀರ ಬೇರೆಯಾದರೆ ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆ, ಬೇರಿಂಗು ಬೇಗ ಸವೆಯುತ್ತದೆ. ನಡುವಿನ ರಂಧ್ರ ಹಬ್ಬಿಗಿಂತ ದೊಡ್ಡದಿದ್ದರೆ ಹಬ್ ರಿಂಗ್ ಹಾಕಿಸಿ, ಇಲ್ಲವಾದರೆ ಸ್ಟೀರಿಂಗ್ ನಡುಗೀತು. ಪ್ರತಿ ಚಕ್ರ ಎಷ್ಟು ಕಿಲೋ ಹೊರಬಲ್ಲದು ಎಂಬ ಅಂಕೆ, ಐಎಸ್ಐ ಗುರುತು ಇವೆಯೇ ನೋಡಿ. ವಿಮಾ ಕಂಪನಿಗೂ ಒಂದು ಮಾತು ತಿಳಿಸಿ.

ಹಾಕಿಸಿದ ಮೇಲೆ 50-100 ಕಿ.ಮೀ. ಓಡಿಸಿ ನಟ್ಟುಗಳನ್ನು ಮತ್ತೊಮ್ಮೆ ಬಿಗಿಸಿಕೊಳ್ಳಿ. ಊರಿಗೆ ಹೊರಡುವ ದಿನ ಬೆಳಿಗ್ಗೆ ಅಲ್ಲ, ಒಂದು ವಾರ ಮುಂಚೆಯೇ.