ಕ್ರಿಸ್‌ಮಸ್ ತಾತನೂ ಮನೆಯ ಮಕ್ಕಳೂ

ಡಿಸೆಂಬರ್ ಮಾಸವು ಬಂದಿತೆಂದರೆ ಅಂಗಡಿಗಳ ಮುಂಭಾಗದಲ್ಲಿ ಕೆಂಪಂಗಿ ತೊಟ್ಟ, ಬಿಳಿಯ ಗಡ್ಡದ, ಸ್ಥೂಲಕಾಯನಾದ ವೃದ್ಧನೊಬ್ಬನು ಕಾಣಿಸಿಕೊಳ್ಳುವನು. ಸಾಂಟಾ ಕ್ಲಾಸ್ ಎಂದು ಅವನ ಹೆಸರು. ಕ್ರಿಸ್‌ಮಸ್ ತಾತನೆಂದರೂ ಸಲ್ಲುವುದು. ಮಕ್ಕಳು ಅವನನ್ನು ಕಂಡು ಮನೆಗೆ ಬಂದೊಡನೆ ಕಾಗದವನ್ನೂ ಸೀಸದ ಕಡ್ಡಿಯನ್ನೂ ಹುಡುಕುವರು. ಆಗ ಹಿರಿಯರು ನಡೆದುಕೊಳ್ಳತಕ್ಕ ರೀತಿಯ ವಿಷಯವಾಗಿ ಎರಡು ಮಾತುಗಳನ್ನು ಹೇಳಬೇಕೆಂದು ನಮಗೆ ತೋರಿದೆ.

ಸಾಮಾನ್ಯವಾಗಿ ನಡೆಯುವುದಿಷ್ಟು. ಮಗುವು ಡೊಂಕು ಗೆರೆಯೊಂದನ್ನೆಳೆಯುವುದು. ತಂದೆಯು "ಹಾಗಲ್ಲ, ಇಲ್ಲಿ ಕೊಡು" ಎಂದು ಕಡ್ಡಿಯನ್ನು ಕಸಿದುಕೊಂಡು ತಾನೇ ಬರೆದು ಮುಗಿಸುವನು. ಚಿತ್ರವು ಚೆನ್ನಾಗುವುದು, ಮಗುವು ಎದ್ದು ಹೋಗುವುದು. ಆರನೆಯ ವರ್ಷದಲ್ಲಿ ಮನೆಯ ಗೋಡೆಯನ್ನೂ ಬಿಡದೆ ಗೀಚುತ್ತಿದ್ದ ಹುಡುಗರು ಹತ್ತನೆಯ ವರ್ಷದಲ್ಲಿ "ನನಗೆ ಬರುವುದಿಲ್ಲ, ಮೇಷ್ಟ್ರೇ" ಎಂದು ಸ್ಲೇಟನ್ನು ಮಗುಚಿಡುವುದನ್ನು ನಾವು ಪಾಠಶಾಲೆಯಲ್ಲಿ ಎಷ್ಟೋ ಸಲ ಕಂಡಿದ್ದೇವೆ.

ಈ ತಾತನ ವಿಷಯದಲ್ಲಂತೂ "ಹಾಗಲ್ಲ" ಎನ್ನುವುದಕ್ಕೆ ಆಧಾರವೇ ಇಲ್ಲ. ಅವನ ಮೂಲಪುರುಷನು ನಾಲ್ಕನೆಯ ಶತಮಾನದಲ್ಲಿ ಮೈರಾ ಪಟ್ಟಣದ ಬಿಷಪ್ಪನಾಗಿದ್ದ ಸಂತ ನಿಕೋಲಾಸ್. ಆ ಸ್ಥಳವು ಈಗಿನ ತುರ್ಕಿ ದೇಶದಲ್ಲಿದೆ. ಹಳೆಯ ಚಿತ್ರಗಳಲ್ಲಿ ಅವನು ಧರ್ಮಗುರುವಿನ ನಿಲುವಂಗಿಯಲ್ಲಿರುವನೇ ಹೊರತು ಡೊಳ್ಳುಹೊಟ್ಟೆಯೂ ತುಪ್ಪಳದ ಟೊಪ್ಪಿಗೆಯೂ ಅವನಿಗಿಲ್ಲ. ಡಚ್ಚರು ಅವನನ್ನು ಸಿಂಟರ್‌ಕ್ಲಾಸ್ ಎಂದರು. ಅದೇ ಅಮೆರಿಕದಲ್ಲಿ ಸಾಂಟಾ ಕ್ಲಾಸ್ ಆಯಿತು. ೧೮೨೩ರಲ್ಲಿ ಅಲ್ಲಿಯ ಪತ್ರಿಕೆಯೊಂದರಲ್ಲಿ ಹೊರಬಂದ ಪದ್ಯವು ಅವನಿಗೆ ಎಂಟು ಹಿಮಸಾರಂಗಗಳೆಳೆಯುವ ಜಾರುಬಂಡಿಯನ್ನು ಕೊಟ್ಟಿತು. ಅಮೆರಿಕದ ಅಂತರ್ಯುದ್ಧದ ನಡುವೆ, 'ಹಾರ್ಪರ್ಸ್ ವೀಕ್ಲಿ' ಪತ್ರಿಕೆಯ ೧೮೬೩ನೆಯ ಜನವರಿ ೩ರ ಸಂಚಿಕೆಗೆ ಥಾಮಸ್ ನ್ಯಾಸ್ಟ್ ಎಂಬ ಚಿತ್ರಕಾರನು ಬರೆದ ಚಿತ್ರದಲ್ಲಿ ಈ ತಾತನು ಸೈನಿಕರ ಶಿಬಿರಕ್ಕೆ ಬಂದು ಕಾಣಿಕೆಗಳನ್ನು ಹಂಚುತ್ತಾನೆ; ಮೈಮೇಲೆ ಆ ದೇಶದ ಧ್ವಜದಲ್ಲಿರುವಂತೆ ನಕ್ಷತ್ರಗಳೂ ಪಟ್ಟೆಗಳೂ ಉಳ್ಳ ಉಡುಪು! ಅದೇ ನ್ಯಾಸ್ಟನ ೧೮೮೧ರ ಚಿತ್ರದಲ್ಲಿ ಆಟಿಕೆಗಳನ್ನು ಅಪ್ಪಿಕೊಂಡ ತುಂಬುಹೊಟ್ಟೆಯ ಮುದುಕನಿದ್ದಾನೆ. ೧೯೩೧ರಿಂದ ಹ್ಯಾಡನ್ ಸಂಡ್‌ಬ್ಲಾಮ್ ಎಂಬಾತನು ಕೋಕಾ-ಕೋಲಾ ಪಾನೀಯದ ಜಾಹೀರಾತುಗಳಿಗಾಗಿ ಬರೆದ ರೂಪವೇ ಇಂದಿನ ಅಂಗಡಿಯ ತಾತನಿಗೆ ಬಹುಮಟ್ಟಿಗೆ ಮಾತೃಕೆ. (ಕೆಂಪು ಬಣ್ಣವನ್ನು ಆ ವ್ಯಾಪಾರಿಗಳೇ ಕೊಟ್ಟರೆಂಬ ಮಾತು ಮಾತ್ರ ಸುಳ್ಳು, ಅದು ಮೊದಲೇ ಇದ್ದಿತು.) ಹೀಗೆ ಲೇಖನಿ ಕುಂಚಗಳಿಂದಲೇ ಬೆಳೆದುಬಂದ ರೂಪಕ್ಕೆ ನಿಮ್ಮ ಮಗುವಿನ ಡೊಂಕು ಗೆರೆಯೂ ಒಂದು ಸೇರಿದರೆ ಕುಂದೇನು?

ಬರೆಯುವ ಕ್ರಮವು ಸುಲಭ. ಮೊದಲು ಕಾಗದದ ನಡುವೆ ಕುಂಬಳಕಾಯಿಯಂತಹ ಹೊಟ್ಟೆ. ಅದರ ಮೇಲೆ ಕಿತ್ತಳೆಯಂತಹ ತಲೆ. ತಲೆಯ ಮೇಲೆ, ಗಾಳಿಗೆ ಬಾಗಿದ ದೀಪದ ಕುಡಿಯಂತೆ ಟೊಪ್ಪಿಗೆ. ಕಿವಿಯಿಂದ ಕಿವಿಯವರೆಗೆ ಹರಡಿ ಎದೆಗಿಳಿದ ಗಡ್ಡ. ಸೊಂಟಪಟ್ಟಿ, ಬೂಟು, ಬೆನ್ನಿಗೊಂದು ಚೀಲ. ಸಂಸ್ಕೃತ ವ್ಯಾಖ್ಯಾನಕಾರನಾದ ಯಶೋಧರನು ಚಿತ್ರದ ಆರು ಅಂಗಗಳಲ್ಲಿ ಪ್ರಮಾಣವನ್ನು ಎಣಿಸಿದ್ದಾನೆ, ನಿಜ. ಆದರೆ ಭಾವವನ್ನೂ ಎಣಿಸಿದ್ದಾನೆ. ಏಳು ವರ್ಷದ ಕೈಗೆ ಪ್ರಮಾಣವು ಮುಂದೆ ಬರಲಿ. ಈಗ ತಾತನು ನಕ್ಕರೆ ಸಾಕು. ಕಣ್ಣುಗಳನ್ನು ಚುಕ್ಕೆಗಳಾಗಿಡದೆ ಬಿಲ್ಲಿನಂತೆ ಮೇಲಕ್ಕೆ ಬಾಗಿದ ಎರಡು ಗೆರೆಗಳಾಗಿ ಎಳೆದರೆ ಆ ನಗುವು ಬರುವುದು. ಇದನ್ನು ಬೇರೆ ಕಾಗದದಲ್ಲಿ ತೋರಿಸಿರಿ. ಮಗುವಿನ ಕಾಗದವನ್ನು ಮುಟ್ಟಬೇಡಿರಿ.

ಗಡ್ಡದಲ್ಲಿ ಒಂದು ಸ್ವಾರಸ್ಯವುಂಟು. ಬಿಳಿಯ ಕಾಗದದ ಮೇಲೆ ಬಿಳಿಯ ಗಡ್ಡವನ್ನು ತೋರಿಸುವುದು ಹೇಗೆ? ಮಗುವನ್ನೇ ಕೇಳಿ ಸುಮ್ಮನಿರಿ. ಸುತ್ತಲಿನ ಅಂಗಿಗೆ ಕೆಂಪನ್ನು ತುಂಬುತ್ತ ಬಂದರೆ ಬರಿಯ ಕಾಗದವೇ ಗಡ್ಡವಾಗಿ ಎದ್ದು ನಿಲ್ಲುವುದೆಂದು ಅದು ತಾನಾಗಿ ಕಂಡುಕೊಳ್ಳುವುದು. ಆಗಿನ ಅದರ ಮುಖವನ್ನು ನೋಡಬೇಕು! ಕರಿಯ ಸ್ಲೇಟಿನಲ್ಲಾದರೆ ಇದೆಲ್ಲವೂ ತಿರುಗುಮುರುಗು. ಅಲ್ಲಿ ಗಡ್ಡವನ್ನು ಬಳಪದಿಂದ ತುಂಬಿ ಅಂಗಿಯನ್ನು ಬಿಡಬೇಕು. ಎರಡನ್ನೂ ಮಾಡಿಸಿರಿ.

ಇನ್ನೂ ಚಿಕ್ಕ ಮಕ್ಕಳಾದರೆ ದೀಪದ ಬತ್ತಿಗೆಂದಿಟ್ಟ ಹತ್ತಿಯನ್ನು ಮೈದಾ ಅಂಟಿನಿಂದ ಗಡ್ಡಕ್ಕೆ ಹಚ್ಚಲಿ. ಚಿತ್ರವು ಮುಗಿದ ಮೇಲೆ ಅದರ ಕೆಳಗೆ ಹೆಸರನ್ನೂ ತಾರೀಖನ್ನೂ ಮಗುವೇ ಬರೆಯಲಿ. ಗೋಡೆಗೆ ಹಚ್ಚುವುದಾದರೆ ನಿಮ್ಮ ಕಣ್ಣಿನ ಎತ್ತರಕ್ಕಲ್ಲ, ಅದರ ಕಣ್ಣಿನ ಎತ್ತರಕ್ಕೆ ಹಚ್ಚಿರಿ.