ಛಾಯಾಚಿತ್ರದ ಮೂಲಪ್ರತಿ

ಮಳೆಗಾಲ ಬಂದಿತೆಂದರೆ ಅರಭಾವಿ, ಮೂಡಲಗಿ, ಹುಕ್ಕೇರಿಗಳ ಕಡೆಯ ಕುಟುಂಬಗಳು ಗೋಕಾಕದ ಜಲಪಾತವನ್ನು ನೋಡಲು ಹೊರಡುವದು ವಾಡಿಕೆ. ಘಟಪ್ರಭೆಯು ಸುಮಾರು 52 ಮೀಟರು ಕೆಳಕ್ಕೆ ಧುಮುಕುವ ಆ ಸ್ಥಳದಲ್ಲಿ ಚಿತ್ರ ತೆಗೆಯದೆ ಮರಳುವವರು ವಿರಳ. ಆದರೆ ಮನೆಗೆ ಬಂದು ನೋಡಿದರೆ ನೊರೆಯೆಲ್ಲ ಬರಿಯ ಬಿಳಿಯ ಕಲೆ; ಮುಂದೆ ನಿಂತವರ ಮುಖಗಳು ಕಪ್ಪು. ಕಣ್ಣು ಕಂಡುದನ್ನು ಕ್ಯಾಮರಾ ಕಾಣಲಿಲ್ಲವೇ? ಬಹುಮಟ್ಟಿಗೆ ಕಂಡಿತ್ತು, ಕಂಡುದನ್ನೆಲ್ಲ ಉಳಿಸಲಿಲ್ಲ, ಅಷ್ಟೆ. ಇದರ ಮರ್ಮವನ್ನು ವಾಚಕರ ಮುಂದಿಡಬೇಕೆಂಬದು ನಮ್ಮ ಉದ್ದೇಶ.

ಡಿಜಿಟಲ್ ಕ್ಯಾಮರಾದಲ್ಲಿ ಫಿಲ್ಮಿನ ಬದಲು ಲಕ್ಷಾವಧಿ ಸೂಕ್ಷ್ಮ ಕೋಶಗಳುಳ್ಳ ಫಲಕವಿರುವದು. ಕೋಶವು ತನ್ನ ಮೇಲೆ ಬಿದ್ದ ಬೆಳಕಿನ ಪ್ರಮಾಣವನ್ನು ಅಳೆಯಬಲ್ಲದು, ಬಣ್ಣವನ್ನರಿಯದು. ಆದ್ದರಿಂದ ನಾಲ್ಕು ಕೋಶಗಳಲ್ಲಿ ಎರಡಕ್ಕೆ ಹಸಿರು, ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ ಸೋಸಕವನ್ನು ಹೊದಿಸಿರುವರು. ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ ಎಂಬವರ ಈ ಯುಕ್ತಿಗೆ 1976ರಲ್ಲಿ ಪೇಟೆಂಟ್ ದೊರೆಯಿತು. ಹೀಗೆ ಅಳೆದ ಅಂಕೆಗಳ ರಾಶಿಯೇ ‘ರಾ’, ಅಂದರೆ ಕಚ್ಚಾ ಚಿತ್ರ. ಸಾಮಾನ್ಯವಾಗಿ ಕ್ಯಾಮರಾವು ಈ ಅಂಕೆಗಳಿಂದ ಬಣ್ಣಗಳನ್ನು ಊಹಿಸಿ ತುಂಬಿ, ಹೊಳಪನ್ನು ತಿದ್ದಿ, ಗಾತ್ರವನ್ನು ಕುಗ್ಗಿಸಿ ‘ಜೆಪೆಗ್’ ಚಿತ್ರವನ್ನು ಕೊಡುವದು, ಮೂಲವನ್ನು ಬಿಸುಡುವದು. 14 ಬಿಟ್ಟಿನ ಕಚ್ಚಾ ಚಿತ್ರದಲ್ಲಿ ಬೆಳಕಿನ 16,384 ಮಟ್ಟಗಳಿಗೆ ಎಡೆಯುಂಟು. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮಾತ್ರ. ಕಬ್ಬಿನ ಹಾಲಿನಿಂದ ಬೆಲ್ಲವಾಗುವದು. ಬೆಲ್ಲದಿಂದ ಆ ಹಾಲನ್ನು ಮರಳಿ ಪಡೆಯಲಾಗದು.

2014ರ ಸೆಪ್ಟೆಂಬರ 24ರಂದು ಮಂಗಳನ ಕಕ್ಷೆಯನ್ನು ಸೇರಿದ ನಮ್ಮ ಮಂಗಳಯಾನದ ವರ್ಣಕ್ಯಾಮರಾದಲ್ಲಿಯೂ ಬೇಯರರ ಜೋಡಣೆಯೇ ಇದ್ದಿತು. ಅದರ ಅಂಕೆಗಳು ಬೆಂಗಳೂರಿನ ಹತ್ತಿರದ ಬ್ಯಾಲಾಳಿಗೆ ಬಂದಿಳಿದ ಬಳಿಕ ಬಣ್ಣದ ಚಿತ್ರಗಳಾದವು. ನೌಕೆಯ ಸಂಪರ್ಕವು 2022ರಲ್ಲಿ ಕಡಿಯಿತು. ಕೂಡಿಟ್ಟ ಅಂಕೆಗಳನ್ನು ಮಾತ್ರ ಪಂಡಿತರು ಇಂದಿಗೂ ಹೊಸದಾಗಿ ಶೋಧಿಸಬಲ್ಲರು. ಯಂತ್ರ ಹೋದರೂ ಮೂಲವುಳಿದರೆ ಜ್ಞಾನವುಳಿಯುವದು.

ಗೃಹಸ್ಥರು ಮಾಡತಕ್ಕದ್ದು ಇಷ್ಟೆ. ಕ್ಯಾಮರಾದಲ್ಲಿ, ಕೆಲವು ಮೊಬೈಲುಗಳಲ್ಲಿ ಸಹ, ‘ರಾ’ ಮತ್ತು ‘ಜೆಪೆಗ್’ ಎರಡನ್ನೂ ಉಳಿಸುವ ಏರ್ಪಾಡಿರುವದು. ಮಹತ್ವದ ಪ್ರಸಂಗಗಳಲ್ಲಿ ಅದನ್ನು ಆರಿಸಬೇಕು. ಕಚ್ಚಾ ಚಿತ್ರವನ್ನು ನೋಡಲು ಡಾರ್ಕ್‌ಟೇಬಲ್, ರಾಥೆರಪಿಗಳಂಥ ತಂತ್ರಾಂಶಗಳು ಉಚಿತವಾಗಿ ದೊರೆಯುವವು. ತೆರೆದೊಡನೆ ಚಿತ್ರವು ಮಂಕಾಗಿ ಕಂಡರೆ ಕಂಗೆಡಬಾರದು. ನೆರಳನ್ನು ಮೆಲ್ಲನೆ ಎತ್ತಿದರೆ ಮುಖವು ಮೂಡುವದು, ಬೆಳಕನ್ನು ತಗ್ಗಿಸಿದರೆ ನೊರೆಯ ಎಳೆಗಳು ಬಿಡಿಸಿಕೊಳ್ಳುವವು. ಆದರೆ ಕೋಶವು ತುಂಬಿ ತುಳುಕಿದಲ್ಲಿ ಏನೂ ಉಳಿದಿರದು. ಅದಕ್ಕೇ ನೊರೆಗೆ ಹೊಂದುವಂತೆ ಬೆಳಕನ್ನು ತುಸು ಕಡಿಮೆ ಹಿಡಿಯುವದು ಲೇಸು. ತಯಾರಕರ ಕಚ್ಚಾ ರೂಪಗಳು ಬೇರೆ ಬೇರೆಯಾಗಿರುವದರಿಂದ, 2004ರಲ್ಲಿ ಅಡೋಬಿ ಸಂಸ್ಥೆಯು ಪ್ರಕಟಿಸಿದ ‘ಡಿಎನ್‌ಜಿ’ ರೂಪದಲ್ಲಿಯೂ ಒಂದು ಪ್ರತಿಯನ್ನಿಡುವದು ಒಳಿತು.

ಕಚ್ಚಾ ಚಿತ್ರಕ್ಕೆ ಸ್ಥಳ ಹೆಚ್ಚು ಬೇಕೆಂಬದು ನಿಜ. ಎಲ್ಲವನ್ನೂ ಕೂಡಿಡಿರೆಂದು ನಾವು ಹೇಳುವದಿಲ್ಲ. ಜಲಪಾತವು ಬರುವ ವರ್ಷವೂ ಧುಮುಕೀತು. ಮಗಳ ಮದುವೆ, ಕೂಸಿನ ತೊಟ್ಟಿಲು, ವೃದ್ಧರ ನಗೆ ಇವು ಎರಡನೆಯ ಸಲ ಒದಗುವಂಥವಲ್ಲ. ಅವುಗಳ ಮೂಲಗಳನ್ನಾದರೂ ಎರಡು ಕಡೆಗೆ ಜೋಪಾನವಾಗಿರಿಸಿದರೆ, ಮುಂದಿನವರು ನಮಗಿಂತ ಚೆನ್ನಾಗಿ ಅವನ್ನು ನೋಡಬಲ್ಲರು.