ಜ್ವಾಲಾಮುಖಿ ಧೂಳು ಮತ್ತು ಮಾಲಿನ್ಯಕಾರಕ ಅನಿಲಗಳು

ಜ್ವಾಲಾಮುಖಿಯಿಂದ ಹೊರಬಿದ್ದ ಸೂಕ್ಷ್ಮ ಕಣಗಳ ಮೇಲ್ಮೈಗೆ ಗಂಧಕದ ಡೈಆಕ್ಸೈಡ್, ಸಾರಜನಕದ ಡೈಆಕ್ಸೈಡ್ ಮುಂತಾದ ಅನಿಲಗಳು ಅಂಟಿಕೊಂಡು ಬೇರೆ ಸಂಯುಕ್ತಗಳಾಗಿ ಮಾರ್ಪಡುತ್ತವೆ. ಇದರಿಂದ ಗಾಳಿಯಲ್ಲಿ ಆ ಅನಿಲಗಳ ಪ್ರಮಾಣ ತಗ್ಗುತ್ತದೆ. ಆದರೆ ಅವುಗಳಲ್ಲಿದ್ದ ಗಂಧಕ, ಸಾರಜನಕಗಳು ನಾಶವಾಗುವುದಿಲ್ಲ. ಲವಣ ಅಥವಾ ಆಮ್ಲದ ರೂಪದಲ್ಲಿ ಕೊನೆಗೆ ನೆಲ ಮತ್ತು ನೀರನ್ನು ಸೇರುತ್ತವೆ. ಕರ್ನಾಟಕದಲ್ಲಿ ಜೀವಂತ ಜ್ವಾಲಾಮುಖಿ ಇಲ್ಲ. ಆದರೂ ರಾಜ್ಯದ ಉತ್ತರ ಭಾಗದ ಬಸಾಲ್ಟ್ ನೆಲದಿಂದ ಏಳುವ ಧೂಳಿನಲ್ಲಿ ಇದೇ ಬಗೆಯ ಕ್ರಿಯೆಯನ್ನು ಕಾಣಬಹುದು.

ಧೂಳಿನ ಸ್ವರೂಪ

ಇದನ್ನು ಬೂದಿ ಎಂದು ಕರೆಯುವುದು ರೂಢಿಯಾದರೂ, ಒಲೆಯ ಬೂದಿಯಂತೆ ಉರಿದು ಉಳಿದ ವಸ್ತುವಲ್ಲ. ಸ್ಫೋಟದಲ್ಲಿ ಛಿದ್ರವಾದ ಶಿಲಾರಸವು ಥಟ್ಟನೆ ತಣಿದು ಉಂಟಾದ ಗಾಜಿನ ಚೂರುಗಳೂ ಖನಿಜದ ಕಣಗಳೂ ಇದರಲ್ಲಿರುತ್ತವೆ. ಇವುಗಳ ಗಾತ್ರ 2 ಮಿ.ಮೀ.ಗಿಂತ ಕಡಿಮೆ. ಸಿಲಿಕಾ ಪ್ರಧಾನವಾಗಿದ್ದು, ಅಲ್ಯೂಮಿನಿಯಂ, ಕ್ಯಾಲ್ಸಿಯಂ, ಸೋಡಿಯಂ, ಕಬ್ಬಿಣ, ಟೈಟಾನಿಯಂಗಳ ಅಂಶವೂ ಇರುತ್ತದೆ.

ರಾಸಾಯನಿಕ ಕ್ರಿಯೆ

ಜ್ವಾಲಾಮುಖಿಯ ಬಾಯಿಯ ಬಳಿ, ತೀವ್ರ ಉಷ್ಣತೆಯಲ್ಲಿ, ಗಂಧಕದ ಡೈಆಕ್ಸೈಡ್ ಗಾಜಿನಲ್ಲಿರುವ ಕ್ಯಾಲ್ಸಿಯಂನೊಡನೆ ಸೇರಿ ಕ್ಯಾಲ್ಸಿಯಂ ಸಲ್ಫೇಟ್ ಆಗುತ್ತದೆ. ಹೈಡ್ರೋಜನ್ ಕ್ಲೋರೈಡ್ ಸೋಡಿಯಂನೊಡನೆ ಸೇರಿ ಉಪ್ಪಾಗುತ್ತದೆ. ತಣಿದ ಕಣಗಳ ಮೇಲೆ ತೆಳುವಾದ ನೀರಿನ ಪದರ ಕಟ್ಟಿದಾಗ ಅನಿಲಗಳು ಅದರಲ್ಲಿ ಕರಗುತ್ತವೆ; ಅಲ್ಲಿ ಗಂಧಕದ ಡೈಆಕ್ಸೈಡ್ ಸಲ್ಫೇಟ್ ಆಗಿ ಬದಲಾಗಲು ಕಬ್ಬಿಣದ ಅಂಶ ನೆರವಾಗುತ್ತದೆ. ಬಿಸಿಲಿನಲ್ಲಿ ಟೈಟಾನಿಯಂ ಆಕ್ಸೈಡ್ ಇರುವ ಕಣಗಳು ಸಾರಜನಕದ ಡೈಆಕ್ಸೈಡನ್ನು ನೈಟ್ರಸ್ ಆಮ್ಲವಾಗಿ ಪರಿವರ್ತಿಸಬಲ್ಲವು.

ಸಮೋಷ್ಣ ಮಂಡಲದಲ್ಲಿ

1991ರಲ್ಲಿ ಫಿಲಿಪೀನ್ಸಿನ ಪಿನಾಟುಬೊ ಉಗುಳಿದ ಗಂಧಕದ ಡೈಆಕ್ಸೈಡ್ ಸಲ್ಫೇಟ್ ಕಣಗಳಾಗಿ ಜಗತ್ತನ್ನು ಆವರಿಸಿ, ಭೂಮಿಯ ಸರಾಸರಿ ಉಷ್ಣತೆಯನ್ನು ಸುಮಾರು 0.5 ಡಿಗ್ರಿ ಸೆಲ್ಸಿಯಸ್‌ನಷ್ಟು ಕೆಲಕಾಲ ತಗ್ಗಿಸಿತು. ಬೂದಿ ಬೇಗ ಉದುರಿಹೋಗುವುದರಿಂದ ಇಂತಹ ಬದಲಾವಣೆಗಳಲ್ಲಿ ಅದರ ಪಾತ್ರ ಅಲ್ಪವೆಂದು ಬಹುಕಾಲ ಭಾವಿಸಲಾಗಿತ್ತು. ಆದರೆ 2014ರಲ್ಲಿ ಇಂಡೋನೇಷ್ಯಾದ ಕೆಲುಟ್ ಸ್ಫೋಟದ ಬೂದಿ ತಿಂಗಳುಗಟ್ಟಲೆ ಮೇಲೆಯೇ ಉಳಿದಿತ್ತು. ಅದು ಗಂಧಕದ ಡೈಆಕ್ಸೈಡನ್ನು ಹೀರಿಕೊಂಡದ್ದರಿಂದ, ಎರಡು ತಿಂಗಳಲ್ಲಿ ಸುಮಾರು ಶೇ. 43ರಷ್ಟು ಹೆಚ್ಚು ಗಂಧಕ ಆ ಮಂಡಲದಿಂದ ಹೊರಹೋಯಿತೆಂದು 2020ರ ಅಧ್ಯಯನವೊಂದು ಲೆಕ್ಕಹಾಕಿದೆ.

ನೆಲಕ್ಕೆ ಇಳಿದಾಗ

1783ರಲ್ಲಿ ಐಸ್‌ಲ್ಯಾಂಡಿನ ಲಾಕಿ ಸ್ಫೋಟದ ಫ್ಲೋರಿನ್ ಬೂದಿಗಂಟಿ ಹುಲ್ಲುಗಾವಲಿಗೆ ಬಿದ್ದಿತು. ಮೇವು ವಿಷವಾಗಿ ಜಾನುವಾರುಗಳು ಅಪಾರ ಸಂಖ್ಯೆಯಲ್ಲಿ ಸತ್ತವು. ಬೆನ್ನಿಗೇ ಕ್ಷಾಮ ಬಂದು ದ್ವೀಪದ ಸುಮಾರು ಐದನೆಯ ಒಂದು ಭಾಗ ಜನ ಮಡಿದರು.

2025ರ ನವೆಂಬರ್ 23ರಂದು ಇಥಿಯೋಪಿಯಾದ ಹೈಲಿ ಗುಬ್ಬಿ ಸ್ಫೋಟಿಸಿದಾಗ ಅದರ ಬೂದಿಮೋಡ ಮರುದಿನವೇ ಗುಜರಾತ್, ರಾಜಸ್ಥಾನ, ದೆಹಲಿಗಳ ಮೇಲೆ ಹಾದು ವಿಮಾನ ಸಂಚಾರಕ್ಕೆ ಅಡ್ಡಿಯಾಯಿತು. ಮೋಡ ಬಹು ಎತ್ತರದಲ್ಲಿದ್ದುದರಿಂದ ನೆಲಮಟ್ಟದ ಗಾಳಿಯ ಮೇಲೆ ಹೆಚ್ಚಿನ ಪರಿಣಾಮವಾಗಲಿಲ್ಲ.

ಭೀಮಾ ಕಣಿವೆಯಲ್ಲಿ

ವಿಜಯಪುರ ಜಿಲ್ಲೆಯಲ್ಲಿ ಭೀಮಾ ತೀರದ ದೇವಣಗಾಂವ ಇರುವುದು ದಖನ್ ಬಸಾಲ್ಟ್ ಪ್ರದೇಶದಲ್ಲಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಶಿಲೆಯಾಗಿ, ಶಿಥಿಲಗೊಂಡು ಇಂದಿನ ಎರೆಮಣ್ಣಾಗಿದೆ. ಇದೇ ನದಿಯ ಮೇಲ್ಭಾಗದ ಜಲಾನಯನದಲ್ಲಿ, ಪುಣೆ ಜಿಲ್ಲೆಯ ಬೋರಿಯಲ್ಲಿ, ಸುಮಾತ್ರಾದ ತೋಬಾ ಜ್ವಾಲಾಮುಖಿಯ ಬೂದಿಯ ಪದರವೂ ಸಿಕ್ಕಿದೆ.

ಎರೆಮಣ್ಣಿನಲ್ಲಿ ಸುಣ್ಣದ ಅಂಶ ಹೇರಳ. ಬೇಸಿಗೆಯ ಗಾಳಿಗೆ ಏಳುವ ಅದರ ಧೂಳು ಗಂಧಕ, ಸಾರಜನಕಗಳ ಆಮ್ಲಗಳನ್ನು ತಟಸ್ಥಗೊಳಿಸಬಲ್ಲದು. ಭಾರತದ ಹಲವೆಡೆ ಮಳೆನೀರು ಹೆಚ್ಚು ಆಮ್ಲೀಯವಾಗದಿರಲು ಮಣ್ಣಿನ ಧೂಳು ಒಂದು ಮುಖ್ಯ ಕಾರಣ. ಬಸವನ ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ 2,400 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರವಿದೆ. ಕಲ್ಲಿದ್ದಲು ಉರಿದಾಗ ಗಂಧಕದ ಡೈಆಕ್ಸೈಡೂ ಸಾರಜನಕದ ಆಕ್ಸೈಡುಗಳೂ ಹುಟ್ಟುವುದರಿಂದ, ಧೂಳಿನ ಈ ಗುಣ ಈ ಭಾಗಕ್ಕೆ ಮಹತ್ವದ್ದು.

ಆದರೆ ಇದಕ್ಕೆ ಮಿತಿಯುಂಟು. ಮಳೆಗಾಲದಲ್ಲಿ ಧೂಳು ಅಡಗುತ್ತದೆ, ತಟಸ್ಥಗೊಳಿಸುವ ಶಕ್ತಿಯೂ ತಗ್ಗುತ್ತದೆ. ಬೇಸಿಗೆಯಲ್ಲಿ ಸಲ್ಫೇಟ್, ನೈಟ್ರೇಟ್ ಅಂಟಿದ ಸೂಕ್ಷ್ಮ ಕಣಗಳು ಉಸಿರಿನೊಡನೆ ಶ್ವಾಸಕೋಶ ಸೇರುತ್ತವೆ. ಆದ್ದರಿಂದ ಅನಿಲವನ್ನು ಚಿಮಣಿಯಲ್ಲಿಯೇ ತಡೆಯುವ ಕ್ರಮಕ್ಕೆ ಧೂಳು ಪರ್ಯಾಯವಲ್ಲ.